ಕುಳ್ಳಿಗೆ ತೆನೆ ಬರುವವರೆಗೆ

ಜೂನ್ ೨೮

ನಾಟಿ ಮುಗಿಯಿತು. ಗಾಜಿನ ಮನೆಯಲ್ಲಿ ಕುಂಡಗಳು ಸಾಲಾಗಿ ನಿಂತಿರುವುದನ್ನು ನೋಡಿದರೆ ಹೊಟ್ಟೆ ತುಂಬುತ್ತದೆ. ಒಂದಕ್ಕಿಂತ ಒಂದು ಚಂದದ ಭತ್ತದ ಸಸಿ, ಸೊರಗಿದ್ದು ಹುಡುಕಿದರೂ ಸಿಗದು. ಸಸಿ ಬೆಳೆಸುವ ಹೆಂಗಸರ ಮುಖ್ಯಸ್ಥೆಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಅವಳ ಕೈ ಹಿಡಿದು, "ಇಂಥ ನಾಟಿ ನಾನು ನೋಡೇ ಇರ್ಲಿಲ್ಲ" ಎಂದೆ. ಹೊಗಳಿಕೆ ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ; ಅವಳಿಗೂ ಅದು ಗೊತ್ತು, ಗಾಬರಿಯಾಗಿ ನನ್ನ ಮುಖ ನೋಡಿದಳು.

ಬೆಳಗ್ಗೆ ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತವರು ತಲೆಯೆತ್ತದೆ ಕೇಳಿದರು.

"ನಿನ್ ಮಗಳು ಅಲ್ಲಿ ಏನು ಮಾಡ್ತಾಳೆ ಅಂತ ಗಿರಾಕಿಗಳು ಕೇಳ್ತಾರೆ. ಏನು ಹೇಳ್ಲಿ?"

"ಭತ್ತದ ಕಾಳು ಎಷ್ಟು ದೊಡ್ಡದಾಗ್ಬೇಕು ಅಂತ ಹೇಳೋ ಒಂದು ಜೀನ್ ಇದೆ ಅಪ್ಪ. ಅದು ಕೆಟ್ಟಿರೋ ಗಿಡ ಬೆಳೆಸಿ, ಏನಾಗುತ್ತೆ ಅಂತ ನೋಡ್ತೀವಿ."

"ಕೆಟ್ಟಿರೋದನ್ನ ನೋಡೋಕೆ ಸಂಬಳ ಕೊಡ್ತಾರಾ?"

ಕೊಡುತ್ತಾರೆ, ಡಿಸೆಂಬರ್ ಕೊನೆಯವರೆಗೆ. ಆಮೇಲೆ ನನ್ನ ಗುತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ದೊಡ್ಡ ಕಾಳು ತೋರಿಸಿದರೆ ಖಾಯಂ ಹುದ್ದೆಗೆ ನನ್ನ ಹೆಸರು ಹೋಗುತ್ತದೆ. ನಮ್ಮ ಭತ್ತ ಸಂಶೋಧನಾ ಕೇಂದ್ರದ ನಿರ್ದೇಶಕಿ ದೊಡ್ಡ ಮೇಡಂ ಇದನ್ನು ಬಾಯಿಬಿಟ್ಟೇ ಹೇಳಿದ್ದಾರೆ. ಅವರ ಪ್ರಕಾರ ಈ ಜೀನ್ ಒಂದು ಕಡಿವಾಣ. ಪ್ರತಿ ಗಿಡದಲ್ಲೂ ಅದರ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟರೆ ಏನೂ ಆಗದು. ಎರಡೂ ಕೆಟ್ಟರೆ ಕಡಿವಾಣ ಕಳಚಿ ಕಾಳು ಉಬ್ಬಬೇಕು. ನಾವು ಬಿತ್ತಿದ್ದು ಒಂದು ಪ್ರತಿ ಕೆಟ್ಟ ಗಿಡದ ಬೀಜ, ಹಾಗಾಗಿ ಈ ಕುಂಡಗಳಲ್ಲಿ ನಾಲ್ಕಕ್ಕೊಂದು ಅಂಥದ್ದಿರಬೇಕು. ಯಾವುದೆಂದು ಎಲೆ ಪರೀಕ್ಷಿಸಿದರೆ ತಿಳಿಯುತ್ತದೆ. ಖಾಯಂ ಹುದ್ದೆ ನನಗೆ ಬೇಕೇ ಬೇಕು. ಮುಚ್ಚುಮರೆ ಏನು, ಇದು ನನ್ನದೇ ದಿನಚರಿ.

ಜುಲೈ ೧೪

ಎರಡೂ ಪ್ರತಿ ಕೆಟ್ಟ ಗಿಡ ಒಂದೂ ಇಲ್ಲ. ನಾಲ್ಕಕ್ಕೊಂದು ಇರಬೇಕಾದದ್ದು ಇಡೀ ಗಾಜಿನ ಮನೆಯಲ್ಲಿ ಒಂದೂ ಇಲ್ಲ.

"ಹೋದ ವರ್ಷವೂ ಹೀಗೇ ಆಗಿ, ಗಿಡ ಬದುಕಲ್ವೇನೋ ಅಂತ ನನ್ನ ವರದಿಯಲ್ಲಿ ಬರೆದಿದ್ದೆ" ಎಂದರು ದೊಡ್ಡ ಮೇಡಂ. "ಎರಡೂ ಕೆಟ್ರೆ ಗಿಡ ಬದುಕಲ್ಲ ಅಂತ ಬರೆದು ಮುಗಿಸಿಬಿಡಿ. ಅದೂ ಒಂದು ಉತ್ತರವೇ."

ಪಕ್ಕದ ಕೋಣೆಯಲ್ಲಿ ಭತ್ತದ ಹುಲ್ಲಿನ ಗಟ್ಟಿತನ ಅಳೆಯುವವನೊಬ್ಬ ಇದ್ದಾನೆ. ಚಹಾದ ಸಕ್ಕರೆಯನ್ನೂ ತೂಗಿ ಹಾಕಿಕೊಳ್ಳುವ ಆಸಾಮಿ. ದಶಮಾಂಶ ಎಂದು ಹೆಸರಿಟ್ಟಿದ್ದೇನೆ. ಅವನು ಬಂದು, "ನಿಮ್ಮ ಬೆಂಚು ಖಾಲಿಯಾಗುತ್ತಾ?" ಎಂದು ಕೇಳಿದ. ಮೈ ಉರಿಯಿತು. "ನಾನು ಸತ್ತ ಮೇಲೆ" ಎಂದೆ. ಅವನು ಅದನ್ನೂ ಗಂಭೀರವಾಗಿ ತೆಗೆದುಕೊಂಡು ತಲೆಯಾಡಿಸಿ ಹೋದ.

ಜುಲೈ ೧೬

ಸ್ನಾನ ಮಾಡುವಾಗ ಹೊಳೆಯಿತು, ಅರ್ಧ ತಲೆ ಒದ್ದೆಯಲ್ಲೇ ಓಡಿದೆ.

ಬಿತ್ತಿದ ಟ್ರೇಗಳಲ್ಲಿ ಒಂದು ಗುಳಿಯೂ ಖಾಲಿ ಇರಲಿಲ್ಲ. ಎಲ್ಲ ಬೀಜವೂ ಮೊಳೆತಿತ್ತು, ನಾನೇ ಕಣ್ಣಾರೆ ನೋಡಿ ಬೀಗಿದ್ದೆ. ಹಾಗಾದರೆ ಸತ್ತವರು ಯಾರು? ಸತ್ತದ್ದು ಯಾವಾಗ?

ದೊಡ್ಡಮ್ಮ ಟ್ರೇ ತೊಳೆಯುತ್ತಿದ್ದಳು. ಕುಂಡಗಳಿಗಿಂತ ಸಸಿ ಹೆಚ್ಚಿತ್ತಲ್ಲ, ಮಿಕ್ಕದ್ದು ಏನಾಯಿತು ಎಂದು ಕೇಳಿದೆ.

"ಚೆನ್ನಾಗಿರೋದು ನೆಟ್ವಿ. ಬಡಕಲು ಬಿಸಾಕಿದ್ವಿ."

"ಬಡಕಲು ಅಂದ್ರೆ?"

"ಗಿಡ್ಡ ಇರೋದು. ಬೆರಳಷ್ಟುದ್ದ. ಅಂಥದ್ದನ್ನ ಯಾರಾದ್ರೂ ನೆಡ್ತಾರಾ?"

ಅಲ್ಲೇ ಎಲ್ಲರೆದುರು ಕೂಗಾಡಿದೆ. ಎರಡು ವರ್ಷದ ಕೆಲಸವನ್ನು ಚರಂಡಿಗೆ ಹಾಕಿದ್ದೀಯ ಎಂದೆ. ಅವಳು ಕೈ ಒರೆಸಿಕೊಂಡು ನಿಂತಳು, ಬಗ್ಗಲಿಲ್ಲ.

"ಸೊರಗಿದ ಸಸಿ ನೆಡ್ಬಾರ್ದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು. ನೆಡಿ ಅಂತ ನೀವು ಹೇಳ್ಬೇಕಿತ್ತು. ನಾಟಿ ಚೆನ್ನಾಗಿದೆ ಅಂತ ಕೈ ಬೇರೆ ಹಿಡ್ಕೊಂಡ್ರಿ."

ಸೊರಗಿದ್ದು ಒಂದೂ ಇಲ್ಲವಲ್ಲ ಎಂದು ಹಿಗ್ಗಿದವಳು ನಾನು. ಯಾಕಿಲ್ಲ ಎಂದು ಕೇಳಬೇಕಾದವಳೂ ನಾನೇ ಆಗಿದ್ದೆ.

ನಲ್ಲಿಯ ಹಿಂದೆ ಚರಂಡಿಯ ಕೆಸರಲ್ಲಿ ಎಸೆದದ್ದೆಲ್ಲ ಕೊಳೆತು ಬಿದ್ದಿತ್ತು. ಸೀರೆ ಎತ್ತಿ ಕಟ್ಟಿ ಇಳಿದೆ. ದೊಡ್ಡಮ್ಮನೂ ಇಳಿದಳು. ಕೊಳೆತ ಬೇರುಗಳ ನಡುವೆ ಹಸುರಾಗಿ ಉಳಿದದ್ದು ಒಂದೇ ಒಂದು. ಎಲೆ ಗಾಢ ಹಸುರು, ನೆಟ್ಟಗೆ ನಿಂತಿದೆ. ಕುಂಡದಲ್ಲಿ ಹೆಮ್ಮೆಯಿಂದ ಬೆಳೆದ ಅಣ್ಣತಮ್ಮಂದಿರ ಮೊಣಕಾಲಿಗೂ ಬರದು.

ಜುಲೈ ೧೯

ಎರಡೂ ಕೆಟ್ಟಿದೆ! ಪರೀಕ್ಷೆಯನ್ನು ಮತ್ತೆ ಮಾಡಿದೆ. ಎರಡೂ ಕೆಟ್ಟಿದೆ! ಗಿಡ ಬದುಕುತ್ತದೆ.

ಕುಳ್ಳಿ ಎಂದು ಹೆಸರಿಟ್ಟೆ. ಕುಳ್ಳಿಗೆ ತೆನೆ ಬರಬೇಕು, ಕಾಳು ಕಟ್ಟಬೇಕು. ಕಾಳು ನೋಡದೆ ಈ ಜೀನ್ ಏನು ಮಾಡುತ್ತದೆಂದು ಯಾರೂ ಹೇಳಲಾರರು. ಇರುವುದು ಒಂದೇ ಗಿಡ.

ಜುಲೈ ೩೧

ಗಾಜಿನ ಮನೆಯ ಆ ತುದಿಗೆ ಬೀಗ ಹಾಕಿಸಿದೆ. ಕೀಲಿ ನನ್ನ ಬಳಿ ಮಾತ್ರ. ನೀರು ನಾನೇ ಹಾಕುತ್ತೇನೆ, ಯಾರ ಕೈಗೂ ಕೊಡುವುದಿಲ್ಲ. ದೊಡ್ಡಮ್ಮ ಕಿಟಕಿಯಿಂದ ಇಣುಕಿ ಹೋದಳು.

ಆಗಸ್ಟ್ ೯

ಕೆಳಗಿನ ಎಲೆ ಹಳದಿಯಾಗಿದೆ. ಗೊಬ್ಬರ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯದು.

ಆಗಸ್ಟ್ ೧೧

ನೀರು ಹೆಚ್ಚಾಗಿತ್ತಂತೆ. ಕಂಡುಹಿಡಿದದ್ದು ದಶಮಾಂಶ. ಯಾರೂ ಕರೆಯದೆ ಬಾಗಿಲ ಸಂದಿಯಿಂದಲೇ ನೋಡಿ, "ಇಷ್ಟು ಚಿಕ್ಕ ಗಿಡ ನೀವು ಹಾಕೋದರಲ್ಲಿ ಕಾಲುಭಾಗವೂ ಕುಡಿಯಲ್ಲ, ಕುಂಡ ತೂಗಿ ನೀರು ಹಾಕಿ" ಎಂದ. ತಕ್ಕಡಿಯನ್ನೂ ಕೊಟ್ಟ. ಉಪಕಾರ ಮಾಡಿ ಮುಖ ಗಂಟಿಕ್ಕಿಕೊಂಡು ಹೋಗುವ ಕಲೆ ಅವನಿಗೆ ಸಿದ್ಧಿಸಿದೆ.

ಆಗಸ್ಟ್ ೩೦

ಹಳದಿ ನಿಂತಿದೆ. ಬುಡದಲ್ಲಿ ಹೊಸ ತೆಂಡೆ ಒಡೆದಿದೆ, ಒಂದು ಗಿಡ ಮೂರು ಕಡ್ಡಿಯಾಗಿದೆ. ಸಂತೋಷಕ್ಕೆ ದೊಡ್ಡಮ್ಮನನ್ನು ಕರೆದು ತೋರಿಸಿದೆ. "ಬದುಕಿಬಿಡ್ತಲ್ಲ ಮುದುಕಿ!" ಎಂದಳು. ನಾಳೆ ನಾನು ಸಭೆಗೆ ಹೋಗಬೇಕು. ನೀರು ಹಾಕಲು ಅವಳಿಗೆ ಹೇಳಿದ್ದೇನೆ, ತೂಗಿ ಹಾಕುವುದನ್ನೂ ತೋರಿಸಿದ್ದೇನೆ.

ಸೆಪ್ಟೆಂಬರ್ ೧೭

ಉಳಿದ ಗಿಡಗಳೆಲ್ಲ ಹೂ ಬಿಟ್ಟು ಬಾಗಿವೆ. ಕುಳ್ಳಿಗೆ ಹೊಡೆಯ ಸುಳಿವೂ ಇಲ್ಲ. ಒಳಗೆ ತೆನೆ ಕಟ್ಟಿದರೆ ಕಾಂಡದ ಮೇಲ್ತುದಿ ಉಬ್ಬಬೇಕು. ದಿನಾ ಬೆಳಗ್ಗೆ ಬೆರಳಿಟ್ಟು ನೋಡುತ್ತೇನೆ. ಏನೂ ಇಲ್ಲ. ಅಕ್ಟೋಬರ್ ಕೊನೆಗೆ ಗಾಜಿನ ಮನೆಯನ್ನು ದುರಸ್ತಿಗೆ ಬಿಟ್ಟುಕೊಡಬೇಕು ಎಂದು ನೋಟಿಸು ಅಂಟಿಸಿದ್ದಾರೆ.

ಅಪ್ಪನಿಗೆ ಹೇಳಿದೆ. ಹೊಟ್ಟು ಮೊದಲು ತಯಾರಾಗುತ್ತದೆ, ಅಕ್ಕಿ ಆಮೇಲೆ ಒಳಗೆ ತುಂಬುತ್ತದೆ, ಹೊಟ್ಟು ಎಷ್ಟೋ ಅಕ್ಕಿ ಅಷ್ಟೇ ಎಂದೆಲ್ಲ ವಿವರಿಸಿದೆ.

"ಅಂದ್ರೆ ಅಂಗಿ ಮೊದ್ಲು ಹೊಲಿದು, ಆಮೇಲೆ ಅದಕ್ಕೆ ಸರಿಯಾಗಿ ಮೈ ಬೆಳೆಸ್ಕೊಳ್ಳೋದು" ಎಂದರು. "ಇಂಥ ಗಿರಾಕಿ ನಂಗೆ ಒಬ್ಬನೂ ಸಿಗ್ಲಿಲ್ಲವಲ್ಲೇ!"

ಬಹಳ ದಿನದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಅಕ್ಟೋಬರ್ ೬

ಹೊಡೆ ಬಂದಿದೆ! ಬೆರಳಿಗೆ ಸಿಕ್ಕಿತು. ಮೆತ್ತಗೆ, ಉಬ್ಬಿಕೊಂಡು. ನಡುಗಡ್ಡಿಯಲ್ಲಿ ಖಂಡಿತ, ಪಕ್ಕದ ತೆಂಡೆಯಲ್ಲೂ ಇರಬಹುದು.

ಅಕ್ಟೋಬರ್ ೧೫

ತೆನೆ ಹೊರಗೆ ಬರುತ್ತಿಲ್ಲ. ತುದಿ ಇಣುಕಿ ನಿಂತುಬಿಟ್ಟಿದೆ. ಕಾಂಡಕ್ಕೇ ಉದ್ದವಿಲ್ಲ, ತೆನೆಯನ್ನು ಮೇಲಕ್ಕೆ ತಳ್ಳುವವರು ಯಾರು? ಒಳಗೇ ಉಳಿದರೆ ಗಾಳಿಯಿಲ್ಲದೆ ಎಲ್ಲ ಜೊಳ್ಳಾಗುತ್ತದೆ. ಎಳೆದರೆ ಕಿತ್ತು ಬರುತ್ತದೆ. ಸುತ್ತಿಕೊಂಡ ಎಲೆಯನ್ನಷ್ಟೇ ಸೀಳಬೇಕು, ಒಳಗಿನದಕ್ಕೆ ತಗಲಬಾರದು. ಪ್ರಯೋಗಾಲಯದ ಬ್ಲೇಡು ಹಾಕಿದರೆ ತೆನೆಯನ್ನೂ ಕೊಯ್ದುಬಿಡುತ್ತದೆ.

ಅಕ್ಕ ಫೋನ್ ಮಾಡಿದ್ದಳು. ಭಾವನಿಗೆ ಗೊತ್ತಿರುವ ಬೀಜ ಪರೀಕ್ಷಾ ಕೇಂದ್ರದಲ್ಲಿ ಖಾಯಂ ಕೆಲಸ ಇದೆಯಂತೆ, ಈ ತಿಂಗಳ ಇಪ್ಪತ್ತಕ್ಕೇ ಸೇರಬೇಕಂತೆ.

"ಇಷ್ಟು ವರ್ಷ ಖಾಯಂ ಖಾಯಂ ಅಂತ ಬಾಯಿ ಬಡ್ಕೊಂಡೆ. ಈಗ ಮನೆ ಬಾಗಿಲಿಗೇ ಬಂದಿದೆ. ಸುಮ್ನೆ ಹೂಂ ಅನ್ನು ಕಣೇ."

ಯೋಚಿಸುತ್ತೇನೆ ಎಂದೆ.

ಅಕ್ಟೋಬರ್ ೧೬

ಅಪ್ಪನ ಹೊಲಿಗೆ ಬಿಚ್ಚುವ ಪುಟ್ಟ ಕತ್ತಿ ತೆಗೆದುಕೊಂಡು ಹೋದೆ. ಒಂದು ಮೊನೆ ಮೊಂಡಾಗಿ ಗುಂಡಗಿರುತ್ತದೆ, ಒಳಗಿನ ಬಟ್ಟೆಗೆ ತಾಗುವುದಿಲ್ಲ. "ಗಿಡಕ್ಕೆ ಹೊಲಿಗೆ ಬಿಚ್ಚೋಕಾ?" ಎಂದು ಅಪ್ಪ ಕಣ್ಣರಳಿಸಿದರೂ ಸೋಪು ಹಚ್ಚಿ ತೊಳೆದು ಕೊಟ್ಟರು. ದೊಡ್ಡಮ್ಮ ಕಾಂಡ ಹಿಡಿದಳು, ದಶಮಾಂಶ ಭೂತಗನ್ನಡಿ ಹಿಡಿದ, ನಾನು ಮೇಲಿಂದ ಕೆಳಗೆ ಸೀಳಿದೆ. ಎಲೆ ಬಿಚ್ಚಿಕೊಂಡಿತು. ತೆನೆ ಒಂದಿಷ್ಟೂ ನಲುಗದೆ ಕೂತಿತ್ತು. ಒತ್ತೊತ್ತಾಗಿ, ನೆಟ್ಟಗೆ, ಹಸಿ ಹಸಿ.

ಆಮೇಲೆ ದೊಡ್ಡಮ್ಮ ಸೆರಗಿನಿಂದ ನನ್ನ ಹಣೆ ಒರೆಸಿದಳು.

ಅಕ್ಟೋಬರ್ ೧೮

ಹೂ ಅರಳಿದೆ. ಬೆಳಗಿನ ಬಿಸಿಲಿಗೆ ಹೊಟ್ಟು ಬಾಯಿಬಿಟ್ಟು, ಹಳದಿ ಎಳೆಗಳು ಹೊರಗೆ ನೇತಾಡುತ್ತಿವೆ. ತೆನೆ ಮೆಲ್ಲಗೆ ತಟ್ಟಿ ಪರಾಗ ಉದುರಿಸಿದೆ. ನಾಳೆಯೂ, ನಾಡಿದ್ದೂ ತಟ್ಟಬೇಕು. ಪಕ್ಕದ ತೆಂಡೆಯದು ಇನ್ನೂ ಒಳಗೇ ಇದೆ, ನಾಳೆ ಅದನ್ನೂ ಸೀಳಿ ಬಿಡಿಸಬೇಕು.

ಬೀಜ ಪರೀಕ್ಷಾ ಕೇಂದ್ರಕ್ಕೆ ಆಗುವುದಿಲ್ಲ ಎಂದು ಬರೆದು ಹಾಕಿದೆ. ಅಕ್ಕ ಫೋನಿನಲ್ಲಿ ಬೈದದ್ದು ಬೈದದ್ದೇ. ಮಾತಿನ ಮಧ್ಯೆ ಸಮಯ ನೋಡಿದೆ, ಎರಡನೆಯ ಸಲ ತಟ್ಟುವ ಹೊತ್ತಾಗಿತ್ತು, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ.

ಅಕ್ಟೋಬರ್ ೩೦

ಕಾಳು ಹಿಚುಕಿದರೆ ಹಾಲು ಬರುತ್ತದೆ. ಜೊಳ್ಳಲ್ಲ! ಆದರೆ ಗಾಜಿನ ಮನೆ ನಾಳೆ ಖಾಲಿಯಾಗಬೇಕು, ಕುಳ್ಳಿಗೆ ಇನ್ನೂ ಕೆಲವು ವಾರ ಬಿಸಿಲು ಬೇಕು. ದೊಡ್ಡ ಮೇಡಂ ಹತ್ತಿರ ಪಟ್ಟು ಹಿಡಿದು ಕೂತೆ. ಅವರ ಕೈಯಲ್ಲೂ ಇರಲಿಲ್ಲ. ಹೊರಗೆ ಬಂದರೆ ದಶಮಾಂಶ ಗಿಡಗಳಿಗೆ ಬಿಸಿಲಿನಂತೆ ಬೆಳಕು ಕೊಡುವ ತನ್ನ ದೀಪದ ಕಪಾಟಿನಲ್ಲಿ ಒಂದು ಮೂಲೆ ತೆರವು ಮಾಡುತ್ತಿದ್ದ.

"ನಿಮ್ಮ ಬೆಂಚು ಕೇಳಿದವನು ನಾನು" ಎಂದ. "ಲೆಕ್ಕ ಸರಿಹೋಯ್ತು."

"ನನ್ನ ಬೆಂಚು ನೀವು ತಗೊಳ್ಳಲೇ ಇಲ್ವಲ್ಲ."

"ನೀವು ಸತ್ತ ಮೇಲೆ ಅಂದಿದ್ರಿ. ಕಾಯ್ತಿದ್ದೀನಿ."

ನಾಲ್ಕು ವರ್ಷ ಪಕ್ಕದ ಕೋಣೆಯಲ್ಲಿದ್ದರೂ ಈ ಮನುಷ್ಯನಿಗೆ ತಮಾಷೆ ಮಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನವೆಂಬರ್ ೨೧

ಕೊಯ್ದೆವು. ಎರಡು ತೆನೆ, ಅಂಗೈಯಲ್ಲಿ ಹಿಡಿಸುವಷ್ಟು ಕಾಳು.

ಕಾಳು ಚಿಕ್ಕದು.

ತೆನೆಯಿಂದ ಬಿಡಿಸಿ, ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಸೋದರ ಗಿಡದ ಕಾಳು ಇಟ್ಟು ನೋಡಿದೆ. ಅಳತೆಪಟ್ಟಿಯೇ ಬೇಡ. ಉದ್ದದಲ್ಲೂ ಚಿಕ್ಕದು, ಅಗಲದಲ್ಲೂ ಚಿಕ್ಕದು. ದೊಡ್ಡದಾಗಲಿ ಎಂದು ಐದು ತಿಂಗಳು ಬಯಸಿದ್ದೆ. ಬೇಸರವಾಗುತ್ತದೆಂದು ಕಾದು ಕೂತೆ, ಆಗಲಿಲ್ಲ. ಬದಲಿಗೆ ಮೈಯೆಲ್ಲ ಜುಮ್ಮೆಂದಿತು. ಇದು ಕಡಿವಾಣವೇ ಅಲ್ಲ! ಕಡಿವಾಣ ಕಳಚಿದರೆ ಕುದುರೆ ಓಡಬೇಕಿತ್ತು, ಇಲ್ಲಿ ಕುದುರೆಯೇ ನಿಂತುಹೋಗಿದೆ.

ನವೆಂಬರ್ ೨೪

ಜೊಳ್ಳು ಕಾಳುಗಳ ಹೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು, ಬೀಜ ಹಾಳು ಮಾಡಲು ಮನಸ್ಸಾಗಲಿಲ್ಲ. ಜೀವಕೋಶಗಳು ಸೋದರ ಗಿಡದವುಗಳಷ್ಟೇ ದೊಡ್ಡವಿವೆ, ಆದರೆ ಸಂಖ್ಯೆ ಕಡಿಮೆ. ಕಾಂಡ ಕತ್ತರಿಸಿ ನೋಡಿದರೆ ಅಲ್ಲೂ ಅದೇ ಕಥೆ. ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಲು ಈ ಜೀನ್ ಬೇಕು. ಅದಿಲ್ಲದಿದ್ದರೆ ಹೊಟ್ಟೂ ಬೆಳೆಯದು, ಕಾಂಡವೂ ಬೆಳೆಯದು. ಕಾಳಿಗೊಂದು, ಗಿಡಕ್ಕೊಂದು ಎಂದು ಬೇರೆ ಬೇರೆ ಕೈಗಳಿಲ್ಲ, ಎರಡಕ್ಕೂ ಕೈ ಹಚ್ಚುವುದು ಇದೇ.

ಅಪ್ಪನಿಗೆ ಹೇಳಿದಾಗ, "ಬಟ್ಟೆ ಅದೇ, ಗಜ ಕಮ್ಮಿ" ಎಂದು ಒಂದೇ ಮಾತಲ್ಲಿ ಮುಗಿಸಿದರು. ನನ್ನ ವರದಿ ಇಪ್ಪತ್ತು ಪುಟವಿದೆ.

ನವೆಂಬರ್ ೨೮

ವರ್ಷದ ಕೆಲಸ ಪರಿಶೀಲಿಸುವ ಸಭೆ. ಹೊರಗಿನಿಂದ ಬಂದ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ.

"ಕಾಳು ದೊಡ್ಡದಾಯ್ತಾ?"

"ಇಲ್ಲ ಸಾರ್, ಚಿಕ್ಕದಾಯ್ತು."

"ಹಾಗಾದ್ರೆ ಏನು ಸಿಕ್ಕಂಗಾಯ್ತು?"

"ಬೆಳೆಸೋದು ಯಾವುದು ಅಂತ ಸಿಕ್ತು. ಅದನ್ನ ಕೆಡಿಸಿ ಕಾಳು ದೊಡ್ಡದು ಮಾಡ್ತೀವಿ ಅಂತ ಹೊರಟಿದ್ವಿ. ದಾರೀನೇ ಉಲ್ಟಾ."

ಯಾರೂ ತಲೆಯಾಡಿಸಲಿಲ್ಲ. ದೊಡ್ಡ ಮೇಡಂ ಮಾತ್ರ ಸುಮ್ಮನೆ ಬಿಡಲಿಲ್ಲ.

"ಒಂದೇ ಗಿಡ. ಅದೂ ಚರಂಡಿಯಿಂದ ಎತ್ತಿದ್ದು. ಎಳೆಯದ್ರಲ್ಲೇ ಪೆಟ್ಟು ತಿಂದ ಗಿಡ ಕುಳ್ಳಾಗೇ ಇರುತ್ತೆ, ಕಾಳೂ ಚಿಕ್ಕದೇ ಇರುತ್ತೆ. ಜೀನ್ ಕಾರಣವೋ ಚರಂಡಿ ಕಾರಣವೋ? ನಿಮಗೆ ಗೊತ್ತಾ?"

ಕೋಪ ಮೂಗಿನ ತುದಿಗೆ ಬಂತು. ಆದರೆ ಪ್ರಶ್ನೆ ನ್ಯಾಯವಾದದ್ದು, ನಾನೇ ಅವರ ಜಾಗದಲ್ಲಿದ್ದರೆ ಇದನ್ನೇ ಕೇಳುತ್ತಿದ್ದೆ.

"ಗೊತ್ತಿಲ್ಲ ಮೇಡಂ. ಕುಳ್ಳಿಯ ಬೀಜ ಬಿತ್ತಿದ್ರೆ ಗೊತ್ತಾಗುತ್ತೆ. ಪೆಟ್ಟು ತಾಯಿಗೆ ಬಿದ್ದಿದ್ದಾದ್ರೆ ಮಕ್ಕಳು ಎತ್ತರ ಬರ್ತವೆ. ಜೀನ್ ಕಾರಣವಾದ್ರೆ ಎಲ್ಲವೂ ಕುಳ್ಳೇ."

"ಈ ತಿಂಗಳು ಬಿಟ್ರೆ ನಿಮಗೆ ಇರೋದು ಒಂದೇ ತಿಂಗಳು."

"ಸಸಿಗೆ ಅಷ್ಟು ಸಾಕು."

ಡಿಸೆಂಬರ್ ೫

ಬಿತ್ತನೆ. ಆದರೆ ನಾನು ಬಿತ್ತಲಿಲ್ಲ. ನಾನು ಬಿತ್ತಿದರೆ ಯಾವುದು ಯಾವ ಗುಳಿಯಲ್ಲಿದೆ ಎಂದು ತಿಳಿದುಬಿಡುತ್ತದೆ, ತಿಳಿದರೆ ಕಣ್ಣು ಬೇಕಾದ್ದನ್ನೇ ನೋಡುತ್ತದೆ. ಒಂದು ಎಲೆಗೆ ಹೆಚ್ಚು ಬೆಳಕು, ಇನ್ನೊಂದಕ್ಕೆ ಹೆಚ್ಚು ನೀರು ಬಿದ್ದರೂ ಬಿತ್ತು. ನನ್ನನ್ನು ನಾನು ನಂಬುವುದಿಲ್ಲ.

ದಶಮಾಂಶನಿಗೆ ಕೊಟ್ಟೆ. ಕುಳ್ಳಿಯ ಬೀಜ ಅರ್ಧ, ಎರಡೂ ಪ್ರತಿ ಸರಿಯಿರುವ ಎತ್ತರದ ಸೋದರ ಗಿಡದ ಬೀಜ ಅರ್ಧ, ಒಂದೇ ಟ್ರೇಯಲ್ಲಿ ಕಲಸಿ. ಗುರುತಿಗೆ ಅಪ್ಪನ ಹತ್ತಿರ ಕೆಂಪು ದಾರ ಕೇಳಿ ತಂದಿದ್ದೆ. ಕುಳ್ಳಿಯ ಬೀಜ ಬೀಳುವ ಗುಳಿಯ ತಳದಲ್ಲಿ ಮಾತ್ರ ಒಂದು ತುಂಡು ದಾರ ಹೂತು, ಮೇಲೆ ಮಣ್ಣು ಮುಚ್ಚಬೇಕು. ನಾನು ಹೊರಗೆ ನಿಂತಿದ್ದೆ. ಟ್ರೇಯನ್ನು ದೀಪದ ಕಪಾಟಿನಲ್ಲಿಟ್ಟು ಬಂದವನು ಕೈ ಮುಂದೆ ಮಾಡಿ, "ಕಪಾಟಿನ ಕೀಲಿ" ಎಂದ. ಕುಳ್ಳಿ ಅಲ್ಲಿದ್ದಾಗಿನಿಂದ ಅದು ನನ್ನ ಬಳಿಯೇ ಇತ್ತು. ಕೊಟ್ಟೆ.

ಡಿಸೆಂಬರ್ ೧೩

ಎಲ್ಲವೂ ಮೊಳೆತಿವೆಯಂತೆ. ದೊಡ್ಡಮ್ಮ ಹೇಳಿದಳು. ನಾನು ನೋಡಲಿಲ್ಲ.

ಡಿಸೆಂಬರ್ ೨೨

ನೋಡಲಿಲ್ಲ. ಕಪಾಟಿನ ಮುಂದೆ ಹಾದುಹೋಗುವಾಗ ಗೋಡೆ ಕಡೆ ಮುಖ ಮಾಡುತ್ತೇನೆ. ದಶಮಾಂಶ ನಗುವುದು ಕೇಳಿಸುತ್ತದೆ.

ಡಿಸೆಂಬರ್ ೩೧

ಟ್ರೇಯನ್ನು ಉದ್ದ ಮೇಜಿನ ಮೇಲೆ ತಂದಿಟ್ಟರು. ದೊಡ್ಡ ಮೇಡಂ ಕುರ್ಚಿ ಎಳೆದುಕೊಂಡು ಕೂತರು. ದೊಡ್ಡಮ್ಮ ಬಾಗಿಲಲ್ಲಿ ನಿಂತವಳನ್ನು ಒಳಗೆ ಕರೆದೆ.

ಎರಡು ತರದ ಸಸಿಗಳಿದ್ದವು. ಒಂದು ಜಾತಿ ಗೇಣುದ್ದ ಚಾಚಿ ತೂಗುತ್ತಿತ್ತು, ಇನ್ನೊಂದು ಬೆರಳಷ್ಟು ಎತ್ತರಕ್ಕೆ ಗಾಢ ಹಸುರಾಗಿ ನೆಟ್ಟಗೆ ನಿಂತಿತ್ತು. ಕೆಲವು ಎರಡರ ನಡುವೆ ಇದ್ದವು. ಅಂಥದ್ದೊಂದನ್ನು ಎಡಕ್ಕೆ ಹಾಕಿ, ಮತ್ತೆ ಬಲಕ್ಕೆ ತಂದು, ಎಲೆಯ ಬುಡ ನೋಡಿ, ಮತ್ತೆ ಎಡಕ್ಕೇ ಹಾಕಿದೆ. ಗುಳಿಯ ಮಣ್ಣಿನ ಸಮೇತ ಕುಳ್ಳರೆಲ್ಲ ಎಡಕ್ಕೆ, ಎತ್ತರದವರೆಲ್ಲ ಬಲಕ್ಕೆ.

"ಆಯ್ತಾ? ಇನ್ನು ಬದಲಾಯಿಸೋ ಹಾಗಿಲ್ಲ" ಎಂದ ದಶಮಾಂಶ.

"ಆಯ್ತು."

ಬಲಗಡೆಯಿಂದ ಶುರು ಮಾಡಿದ. ಮಣ್ಣು ಬಿಡಿಸಿ, ಬೇರು ತೊಳೆದು ತೋರಿಸಿದ. ದಾರವಿಲ್ಲ. ಮುಂದಿನದರಲ್ಲೂ ಇಲ್ಲ. ಬಲಗಡೆ ಪೂರ್ತಿ ಮುಗಿಯಿತು, ಒಂದರಲ್ಲೂ ದಾರವಿಲ್ಲ. ಎಡಗಡೆ ಮೊದಲನೆಯದನ್ನು ದೊಡ್ಡ ಮೇಡಂ ತಾವೇ ಎತ್ತಿಕೊಂಡರು. ಮಣ್ಣು ಬಿಡಿಸಿದರು. ಬೇರುಗಳು ಕೆಂಪು ದಾರವನ್ನು ಸುತ್ತಿ ಹಿಡಿದುಕೊಂಡಿದ್ದವು. ಎರಡನೆಯದೂ ಹಾಗೇ. ಆಮೇಲೆ ಅವರು ನಿಲ್ಲಿಸಲೇ ಇಲ್ಲ, ಒಂದಾದ ಮೇಲೊಂದು ತಾವೇ ಬಿಡಿಸಿದರು. ನಡುವಿನ ಎತ್ತರದ ಆ ಸಸಿ ಕೊನೆಗೆ ಉಳಿಯಿತು. ಅದನ್ನು ತೊಳೆದು, ದಾರವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನನ್ನನ್ನು ನೋಡಿದರು.

"ಹೋದ ವರ್ಷದ ನನ್ನ ವರದಿ ತಪ್ಪು" ಎಂದರು. "ತಿದ್ದಿ ಬರೀತೀನಿ. ನಿಮ್ಮ ಹೆಸರು ಮೊದಲು."

ನಾನು ಅತ್ತೆ. ಯಾಕೆ ಅಲ್ಲ ಎನ್ನಲಿ, ಚೆನ್ನಾಗಿಯೇ ಅತ್ತೆ. ದೊಡ್ಡಮ್ಮ ಅಷ್ಟರಲ್ಲಿ ಬೇರು ಒಣಗುತ್ತವೆಂದು ಬೈದು ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು. ಎಲ್ಲರೂ ಕೂತು ನೆಟ್ಟೆವು.

ಮನೆಗೆ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನನ್ನ ಉಗುರಿನ ಮಣ್ಣು ನೋಡಿ, "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದಳು. ಉತ್ತರಿಸಲು ಬಾಯಿ ತೆರೆದಾಗಲೇ ನೆನಪಾಯಿತು, ಇವತ್ತು ನನ್ನ ಗುತ್ತಿಗೆಯ ಕೊನೆಯ ದಿನ.

"ಭತ್ತ ಹೇಗೆ ಬೆಳೆಯುತ್ತೆ ಅಂತ ನೋಡ್ತೀನಿ" ಎಂದೆ.

"ಗೊತ್ತಾಯ್ತಾ?"

"ಒಂದು ಗೊತ್ತಾಯ್ತು."